ಚೈನಿಗೆ ಬಳಿದ ಕೀಲೆಣ್ಣೆ

ಇವತ್ತು ಮೊಮ್ಮಗಳ ಸೈಕಲ್ಲಿನ ಚೈನು ಬಿತ್ತು. ಏರಿಸಿದೆ. ಬೆರಳಿಗೆ ಮೆತ್ತಿದ ಕಪ್ಪು ಜಿಡ್ಡಿನ ವಾಸನೆ ನನ್ನನ್ನು ಮತ್ತಿಕೆರೆಯ ಹಳೇ ಮನೆಯಂಗಳಕ್ಕೆ ಎಳೆದೊಯ್ದಿತು.

ಅಪ್ಪ ಯಶವಂತಪುರದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ. ದಾರಿಯಲ್ಲಿ ಚೈನು ಕಳಚಿದ ದಿನ ಮನೆಗೆ ಬಂದು ಮೊದಲು ಸೈಕಲ್ಲಿಗೆ ಒದೆಯುತ್ತಿದ್ದ, ಆಮೇಲೆ ಅಮ್ಮನಿಗೆ. ಚೈನು ಬೀಳದಿದ್ದರೆ ಅಮ್ಮನಿಗೆ ಏಟೂ ಬೀಳುವುದಿಲ್ಲವೆಂದು ನಂಬಿದ ನಾನು, ತಾತ ಎತ್ತಿನ ಗಾಡಿಗೆ ಹಚ್ಚುತ್ತಿದ್ದ ಕೀಲೆಣ್ಣೆಯನ್ನು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಗಟ್ಟಿ ಜಿಡ್ಡನ್ನು, ಒಂದು ಬೆಳಗ್ಗೆ ಚೈನಿಗೆ ಬಳಿದೆ.

ಸಂಜೆ ಅಪ್ಪ ಸೈಕಲ್ ತಳ್ಳಿಕೊಂಡು ಬಂದ. ದಾರಿಯ ಧೂಳೆಲ್ಲ ಮೆತ್ತಿಕೊಂಡ ಚೈನು ಮೂರು ಸಲ ಕಳಚಿ, ಕೊನೆಗೆ ಅವನನ್ನೇ ಕೆಡವಿತ್ತು. ಮೊಣಕಾಲಿಂದ ರಕ್ತ ಸೋರುತ್ತಿತ್ತು.

"ಯಾವಳೇ ಇದ್ನ ಅಚ್ಚಿದ್ದು?"

ಉಗುರಲ್ಲಿನ್ನೂ ಮಸಿಯಿದ್ದ ನನ್ನ ಕೈಯನ್ನು ಅಮ್ಮ ಸೆರಗಿನಲ್ಲಿ ಮುಚ್ಚಿದಳು. "ನಾನೇ ಕಣ್ರೀ" ಅಂದಳು.

ಅಪ್ಪ ಗಾಳಿ ಹೊಡೆಯುವ ಕಬ್ಬಿಣದ ಪಂಪು ಎತ್ತಿದ. ಅಡ್ಡ ಹಿಡಿದ ಅಮ್ಮನ ಮುಂಗೈ ಮುರಿದ ಸದ್ದು ನನಗೆ ಕೇಳಿಸಿತು.

"ಮತ್ತೆ ಬೀಳತ್ತಾ ಅಜ್ಜಿ?" ಎಂದಳು ಮೊಮ್ಮಗಳು. ಸ್ಪ್ಯಾನರ್ ಹಾಕಿ ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ತುಸು ಹಿಂದಕ್ಕೆಳೆದು ಬಿಗಿದೆ. ಸಡಿಲವಾಗಿ ಜೋತಿದ್ದ ಚೈನು ನೆಟ್ಟಗಾಯಿತು. ಎರಡು ನಿಮಿಷವೂ ಹಿಡಿಯಲಿಲ್ಲ.

ಅಪ್ಪನ ಸೀಟಿನ ಕೆಳಗಿನ ಚೀಲದಲ್ಲೂ ಇಂಥದೇ ಒಂದು ಸ್ಪ್ಯಾನರ್ ಇತ್ತು.