ಶಂಕ್ರೆಪ್ಪ ಕಾಕಾನ ಚಳಿಗಾಲದ ಗಾಳ

ಶಂಕ್ರೆಪ್ಪ ಕಾಕಾ ಗುಟ್ಟು ಹೇಳಿದರೂ ಅದು ಬನಹಟ್ಟಿಯ ನಮ್ಮ ಓಣಿಗೆಲ್ಲ ಕೇಳುತ್ತಿತ್ತು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬದುಕಿದ ಅವರ ಕಿವಿ ಐವತ್ತು ದಾಟುವ ಹೊತ್ತಿಗೆ ಮಂದವಾಗಿತ್ತು. ತಮಗೆ ಸರಿಯಾಗಿ ಕೇಳಿಸದ್ದು ಎದುರಿನವರಿಗೂ ಕೇಳಿಸಲಿಕ್ಕಿಲ್ಲ ಎಂಬ ಅನುಮಾನದಿಂದ ಅವರು ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದರು. "ಇವತ್ತ ಹೊಳಿಗೆ ಹೊಂಟೇನಿ, ನಿಮ್ಮ ಕಾಕುಗ ಹೇಳಬ್ಯಾಡ" ಎಂದು ನನ್ನ ಕಿವಿಯ ಹತ್ತಿರ ಬಾಗಿ ಅವರು ಹೇಳಿದರೆ, ಒಳಗೆ ಅಡುಗೆಮನೆಯಿಂದ ಅವರ ಹೆಂಡತಿ ಗಂಗವ್ವ ಕಾಕು, "ಬಂದಮ್ಯಾಲೆ ಹಿತ್ತಲದಾಗ ಜಳಕಾ ಮಾಡೇ ಒಳಗ ಬರ್ರಿ" ಎಂದು ಉತ್ತರ ಕೊಡುತ್ತಿದ್ದರು.

ಅದೇ ಮನುಷ್ಯ ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕೂತರೆ ತುಟಿ ಬಿಚ್ಚುತ್ತಿರಲಿಲ್ಲ. ಕಣ್ಣನ್ನೂ ಮುಚ್ಚಿಕೊಳ್ಳುತ್ತಿದ್ದರು. ನೀರಿಗೆ ಇಳಿದ ತಂಗೂಸಿನ ನೈಲಾನ್ ದಾರ ಅವರ ಬಲಗೈ ತೋರುಬೆರಳಿನ ಮೇಲೆ ಹಾದಿರುತ್ತಿತ್ತು. ದೂರದಿಂದ ನೋಡಿದವರು ಮುದುಕ ನಿದ್ದೆ ಹೋಗಿದ್ದಾನೆ ಎಂದುಕೊಳ್ಳಬೇಕು, ಹಾಗೆ.

ಅವರ ಮನೆಯಲ್ಲಿ ಮೀನು ಮಾಂಸದ ಹೆಸರೆತ್ತುವಂತಿರಲಿಲ್ಲ. ಕಾಕಾ ಕೂಡ ಜೀವಮಾನದಲ್ಲಿ ಮೀನು ತಿಂದವರಲ್ಲ. ಹಿಡಿದದ್ದನ್ನು ಗಾಳ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಿದ್ದರು. ಕಾಕುಗೆ ಇದು ಕೊನೆಗೂ ಅರ್ಥವಾಗದ ಸಂಗತಿ.

"ತಿನ್ನೂದಿಲ್ಲ, ಮಾರೂದಿಲ್ಲ. ಮತ್ಯಾಕ ಹೋಗಿ ಬಿಸಲಾಗ ಕೂಡ್ತೀರಿ?"

"ಅವು ತಿಂತಾವೋ ಇಲ್ಲೋ ನೋಡಾಕ!"

ನಾನು ಅವರ ಪಕ್ಕದ ಮನೆಯವನು. ಜಮಖಂಡಿಯ ಕಾಲೇಜೊಂದರ ಆಫೀಸಿನಲ್ಲಿ ಕ್ಲಾರ್ಕ್ ಕೆಲಸ. ನಮ್ಮ ಮನೆಯಲ್ಲೂ ಅಪ್ಪನ ಕಾಲದವರೆಗೆ ಮಗ್ಗಗಳಿದ್ದವು, ಆಮೇಲೆ ಹೋದವು. ದಿನಾ ಬಸ್ಸು, ಫೈಲು, ಮತ್ತೆ ಬಸ್ಸು. ರವಿವಾರ ಮನೆಯಲ್ಲಿ ಕೂತರೆ ಬೇಸರ ಎಂದು ಒಂದು ಡಿಸೆಂಬರಿನಲ್ಲಿ ನಾನೂ ಕಾಕಾನ ಬೆನ್ನು ಹತ್ತಿದೆ.

ಮೊದಲ ಸಲ ನಸುಕಿನಲ್ಲೇ ಎದ್ದು ಅವರ ಬಾಗಿಲು ಬಡಿದಿದ್ದೆ. ಮೀನು ಹಿಡಿಯುವವರು ಕತ್ತಲಲ್ಲೇ ಹೋಗುತ್ತಾರೆಂದು ಯಾರೋ ಹೇಳಿದ್ದರು. ಕಾಕಾ ದುಪಟಿಯೊಳಗಿಂದ ಮುಖವನ್ನಷ್ಟೇ ಹೊರಗೆ ಹಾಕಿ, "ಏ ಅಶೋಕಾ, ಈ ಥಂಡ್ಯಾಗ ನಿನಗ ಹಸಿವಿ ಆಗೇತೇನು?" ಎಂದು ಕೇಳಿದರು.

"ಇಲ್ಲರೀ ಕಾಕಾ."

"ಮೀನಿಗೂ ಆಗಿಲ್ಲ. ಹೋಗಿ ಮಲಕೋ."

ಹೊರಟಿದ್ದು ಬಿಸಿಲು ಏರಿದ ಮೇಲೆ, ರೊಟ್ಟಿ ಉಂಡು. ರಬಕವಿಯ ಆಚೆ ಕೃಷ್ಣೆಯ ದಂಡೆ. ದಾರಿಯುದ್ದಕ್ಕೂ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಬಿದ್ದ ಕಬ್ಬನ್ನು ಎಳೆದುಕೊಂಡು ಹೋಗುವ ದನಗಳು. ಬ್ಯಾರೇಜಿನ ಹಿನ್ನೀರು ನಿಂತು ಹೊಳೆ ಅಲ್ಲಿ ಅಗಲವಾಗಿತ್ತು, ಅಲುಗಾಡದೆ ಮಲಗಿದಂತಿತ್ತು. ನಾನು ಕಾಲಿಟ್ಟು ನೋಡಿದೆ, ಮೊಣಕಾಲಿನತನಕ ಜುಮ್ಮೆಂದಿತು.

ಕಾಕಾ ಕೆಳದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. "ನಮ್ಮ ಮೈಯಾಗ ಒಂದ ಒಲಿ ಐತಿ ನೋಡು. ಹೊರಗ ಎಷ್ಟ ಥಂಡಿ ಇದ್ದರೂ ಅದು ಉರೀತಿರತೈತಿ. ಮೀನಿಗೆ ಆ ಒಲಿ ಇಲ್ಲ. ನೀರ ಎಷ್ಟ ತಣ್ಣಗೋ ಅದರ ಮೈನೂ ಅಷ್ಟ ತಣ್ಣಗ. ತಿಂದದ್ದ ಕರಗಾಕ ಭಾಳ ಹೊತ್ತ ಬೇಕು. ಅದಕ್ಕ ತಿರುಗಾಡೂದಿಲ್ಲ, ಆಳದಾಗ ಹೋಗಿ ನಿಂತಬಿಡತೈತಿ. ಮಧ್ಯಾಹ್ನ ಬಿಸಲಿಗೆ ನೀರ ಒಂದೀಟ ಬೆಚ್ಚಗಾತಂದ್ರ ಆಗ ಬಾಯಿ ತೆರೀತೈತಿ."

ನಾನು ಗಾಳಕ್ಕೆ ಹಾಕುವ ಹಿಟ್ಟನ್ನು ಲಿಂಬೆಕಾಯಿ ಗಾತ್ರ ಉಂಡೆ ಕಟ್ಟಿದ್ದೆ. ಕಾಕಾ ಅದನ್ನು ಕಸಿದುಕೊಂಡು, ಜೋಳದ ಕಾಳಿನಷ್ಟನ್ನು ಚಿವುಟಿ ನನ್ನ ಗಾಳದ ಮೊನೆಗೆ ಅಂಟಿಸಿದರು. ಗೋಧಿ ಹಿಟ್ಟಿಗೆ ಶೇಂಗಾ ಹಿಂಡಿಯ ಪುಡಿ ಕಲಸಿದ ಆ ಹಿಟ್ಟನ್ನು ಅವರು ಹಿತ್ತಲಿನಲ್ಲಿ ಬೇರೆ ಬೋಗುಣಿ ಇಟ್ಟುಕೊಂಡು ತಾವೇ ನಾದುತ್ತಿದ್ದರು. ಕಾಕು ಅದನ್ನು ಮುಟ್ಟುತ್ತಿರಲಿಲ್ಲ.

"ಇಷ್ಟ ಹಾಕಿದ್ರ ಬರ್ತಾವೇನ್ರೀ?"

"ಜ್ವರದಿಂದ ಎದ್ದಾವಗ ಹೋಳಿಗಿ ಊಟ ಹಾಕ್ತಿಯೇನು?"

ಆ ದಿನ ಕಾಕಾ ಸುಮಾರು ಮೀನು ಹಿಡಿದು ಅಷ್ಟನ್ನೂ ಬಿಟ್ಟರು. ನನಗೆ ಒಂದೂ ಬರಲಿಲ್ಲ. ಬಂದದ್ದೇ ನನಗೆ ತಿಳಿಯುತ್ತಿರಲಿಲ್ಲ. ಎತ್ತಿ ನೋಡಿದರೆ ಗಾಳದ ಹಿಟ್ಟು ಖಾಲಿ. ಜಗ್ಗಿದರೆ ಗೊತ್ತಾಗುತ್ತದಲ್ಲ ಎಂದು ನಾನು ಕಾಯುತ್ತಿದ್ದೆ. ಕಾಕಾ ನನ್ನ ಬೆರಳು ಹಿಡಿದು ತಮ್ಮ ದಾರದ ಮೇಲೆ ಇರಿಸಿದರು. "ಬ್ಯಾಸಗಿ ಮೀನ ಜಗ್ಗತೈತಿ. ಥಂಡಿ ಮೀನ ಬಾಯಾಗ ಇಟಗೊಂಡ ಸುಮ್ಮನ ನಿಂದರತೈತಿ. ಬ್ಯಾಡನಿಸಿದ್ರ ಉಗಳಿಬಿಡತೈತಿ. ಅಷ್ಟರಾಗ ನಿನಗ ತಿಳೀಬೇಕು. ದಾರ ಒಂದೀಟ ಹಗರಾಗತೈತಿ ನೋಡು. ಈಗ... ಈಗ ಆತು." ನನಗೆ ಏನೂ ಆಗಲಿಲ್ಲ. ಅವರು ಎತ್ತಿದರು. ಅಂಗೈಯಗಲದ ಗೆಂಡೆ ಮೀನೊಂದು ಬಿಸಿಲಿಗೆ ಮಿಂಚುತ್ತ ಮೇಲೆ ಬಂತು.

ಆ ಬೆರಳು ಹಾಗೆ ತಯಾರಾದದ್ದು ಅವರು ದಿನವೂ ದುಡಿಯುತ್ತಿದ್ದ ಮಗ್ಗದ ಶೆಡ್ಡಿನಲ್ಲಿ. ಒಮ್ಮೆ ಅವರ ಮನೆಯ ಕರೆಂಟ್ ಬಿಲ್ ಕೊಡಲು ಅಲ್ಲಿಗೆ ಹೋಗಿದ್ದೆ. ಮಾತಾಡಿದರೆ ಕೇಳಿಸದಷ್ಟು ಸದ್ದು. ಕಾಕಾ ಮಗ್ಗದಲ್ಲಿ ಓಡುತ್ತಿರುವ ಹಾಸಿನ ಉದ್ದ ಎಳೆಗಳ ಮೇಲೆ ಬೆರಳಾಡಿಸುತ್ತ ಹೋಗಿ, ಒಂದು ಕಡೆ ನಿಂತು, ಸಾವಿರಾರು ಎಳೆಗಳ ನಡುವೆ ಸಡಿಲವಾದ ಒಂದು ಎಳೆಯನ್ನು ಮೇಲೆತ್ತಿ ನನಗೆ ತೋರಿಸಿದರು. ಮಗುವಿನ ಕಿವಿ ಹಿಡಿದ ಹಾಗೆ ಹಿಡಿದಿದ್ದರು. ಮುಖದಲ್ಲಿ ಜಂಬ ತುಂಬಿ ತುಳುಕುತ್ತಿತ್ತು. ಕಾಕಾ ವಿನಯವಂತರೇನೂ ಅಲ್ಲ. "ಕಿವಿ ಹೋದ್ರ ಹೋಗ್ಲಿ, ಬೆರಳ ಅದಾವು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಹೀಗೆ ಕೆಲವು ಚಳಿಗಾಲ ಕಳೆದ ಮೇಲೆ, ಒಂದು ಶ್ರಾವಣದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಪೂಜೆ ಮುಗಿಸಿ ಏಳುವಾಗ ಬಲಗಡೆಗೆ ವಾಲಿ ಬಿದ್ದರು. ನಾನೂ ಓಣಿಯವರೂ ಸೇರಿ ಜಮಖಂಡಿಯ ಆಸ್ಪತ್ರೆಗೆ ಒಯ್ದೆವು. ಬೇಗ ತಂದಿರಿ, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರರು. ನಿಜಕ್ಕೂ ಮಾತು ತೊದಲುತ್ತ ತೊದಲುತ್ತ ಸರಿಹೋಯಿತು, ದೀಪಾವಳಿಯ ಹೊತ್ತಿಗೆ ಗೋಡೆ ಹಿಡಿಯದೆ ನಡೆದಾಡಿದರು. ಬಲಗೈ ಮಾತ್ರ ಹಿಂದೆ ಬಿತ್ತು. ಎತ್ತಲು ಬರುತ್ತಿತ್ತು, ಹಿಡಿಯಲೂ ಅಷ್ಟಿಷ್ಟು ಬರುತ್ತಿತ್ತು. ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಒಂದು ಮುಂಜಾನೆ ಬಿಸಿ ಚಹಾದ ಲೋಟ ಹಿಡಿದು ನನ್ನ ಜೊತೆ ಮಾತಾಡುತ್ತ ಕೂತಿದ್ದರು. ಕಾಕು ಬಂದು ಲೋಟ ಕಿತ್ತುಕೊಂಡಾಗ ನೋಡಿದರೆ ಬೆರಳ ತುದಿಗಳು ಕೆಂಪಗೆ ಬೊಬ್ಬೆ ಎದ್ದಿದ್ದವು. ಕಾಕಾ ಅವನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿದರು.

ಅಂದಿನಿಂದ ಅವರು ಶೆಡ್ಡಿಗೆ ಹೋಗುವುದನ್ನು ಬಿಟ್ಟರು. ಒತ್ತುತ್ತಿರಿ ಎಂದು ಡಾಕ್ಟರರು ಕೊಟ್ಟ ರಬ್ಬರಿನ ಚೆಂಡು ಮಂಚದ ಕೆಳಗೆ ಉರುಳಿಹೋಯಿತು. ಕೂಗಿ ಮಾತಾಡುವುದೂ ನಿಂತಿತು. ಓಣಿ ಎಷ್ಟು ಸುಮ್ಮನಾಯಿತೆಂದರೆ, ಮೊದಲು ಅವರ ದನಿಗೆ ಬೈದುಕೊಳ್ಳುತ್ತಿದ್ದವರೇ ಬಂದು ಬಾಗಿಲಲ್ಲಿ ಇಣುಕಿ ನೋಡಿ ಹೋಗತೊಡಗಿದರು.

ಥಂಡಿ ಬಿತ್ತು. ನಾನು ಹೊಳೆಯ ಮಾತೆತ್ತಿದರೆ ಕಾಕಾ ಗೋಡೆಯ ಕಡೆ ಹೊರಳುತ್ತಿದ್ದರು. ಒಂದು ರವಿವಾರ ಕಾಕುನೇ ನಮ್ಮ ಮನೆಗೆ ಬಂದರು. ಸೆರಗಿನ ಕೆಳಗೆ ಒಂದು ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಹಿಂಡಿ ಕಲಸಿದ ಹಿಟ್ಟು. ಅವರ ಅಡುಗೆಮನೆಯದೇ ಡಬ್ಬಿ, ಅವರದೇ ಕೈಯಿಂದ ನಾದಿದ್ದು.

"ಸರಿ ಆಗೇತೋ ಇಲ್ಲೋ ಗೊತ್ತಿಲ್ಲಪಾ" ಎಂದರು. "ಅವರನ್ನ ಕರಕೊಂಡ ಹೋಗು. ಬ್ಯಾಡಂದ್ರೂ ಬಿಡಬ್ಯಾಡ. ಮೀನ ಮನಿಗೆ ತಂದರೂ ಅಡ್ಡಿ ಇಲ್ಲ, ನಾ ಏನೂ ಅನ್ನೂದಿಲ್ಲ."

ಹಿಟ್ಟು ನೋಡಿದ ಕಾಕಾ ಬೇಡ ಎನ್ನಲಿಲ್ಲ. "ನೀರ ಹೆಚ್ಚಾಗೇತಿ" ಎಂದಷ್ಟೇ ಹೇಳಿ ಚಪ್ಪಲಿ ಹುಡುಕಿದರು.

ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ದಂಡೆಯಲ್ಲಿ ಕಂಬಳಿ ಹಾಸಿ ಕೂರಿಸಿದೆ. ಕೋಲು ನಾನು ಹಿಡಿದೆ, ದಾರವನ್ನು ಅವರ ಬಲಗೈ ಬೆರಳಿನ ಮೇಲೆ ಹಾಯಿಸಿದೆ. ಅವರು ಕಣ್ಣು ಮುಚ್ಚಿದರು. ಅಷ್ಟು ಚಳಿಗಾಲ ಅವರ ಜೊತೆ ಕೂತು ನನಗೂ ಅಷ್ಟಿಷ್ಟು ಗೊತ್ತಾಗಿತ್ತು. ದಾರ ನೀರು ಮುಟ್ಟುವ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಸಡಿಲಾದದ್ದು ಕಣ್ಣಿಗೆ ಕಂಡಿತು. ನಾನು ಅವರ ಮುಖ ನೋಡಿದೆ. ಅಲ್ಲಿ ಏನೂ ಆಗಲಿಲ್ಲ. ದಾರ ಮತ್ತೆ ಮೊದಲಿನಂತಾಯಿತು. ಕಾಕಾ ಕಣ್ಣು ತೆರೆದರು.

"ತಿಂದ ಹೋತಲ್ಲ?"

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಹೌದರೀ."

"ನಿನ್ನ ಮುಖ ನೋಡಿ ತಿಳೀತು" ಎಂದು ಟವೆಲ್ಲನ್ನು ತಲೆಯಿಂದ ಮುಖದ ಮೇಲೆ ಎಳೆದುಕೊಂಡರು.

ಇನ್ನು ಬರುವುದಿಲ್ಲ ಎನ್ನುತ್ತಾರೆಂದೇ ನಾನು ಅಂದುಕೊಂಡಿದ್ದೆ. ಆದರೆ ಮುಂದಿನ ರವಿವಾರ ನಾನು ಹೋಗುವ ಮೊದಲೇ ಅವರು ಚಪ್ಪಲಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮಂಚದ ಕೆಳಗಿನ ಚೆಂಡೂ ಹೊರಗೆ ಬಂದಿತ್ತು. ದಿನವೆಲ್ಲ ಅದನ್ನು ಒತ್ತುತ್ತ ಟಿವಿ ನೋಡುತ್ತಾರೆಂದು ಕಾಕು ಹೇಳಿದರು. ರವಿವಾರಗಳು ಹೋದವು. ಒಂದು ಸಲ ಕಾಕಾ ತಟ್ಟನೆ "ಎತ್ತು!" ಎಂದರು. ಎತ್ತಿದೆ. ಹಿಟ್ಟು ಹಾಗೇ ಇತ್ತು, ಮೀನು ಮೂಸಿರಲೂ ಇಲ್ಲ. ಆಸೆಗೆ ಹಾಗೆ ಅನಿಸಿತ್ತು ಅಷ್ಟೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ. ಕಟಕಟ ಎನ್ನುವ ಥಂಡಿ, ಆದರೆ ಗಾಳಿ ಇರಲಿಲ್ಲ. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಎಣ್ಣೆಯಂತೆ ಹರಡಿತ್ತು. ನಾನು ದಾರವನ್ನೇ ನೋಡುತ್ತಿದ್ದೆ.

"ಎತ್ತು" ಎಂದರು ಕಾಕಾ.

ದಾರ ಅಲುಗಿರಲಿಲ್ಲ. ನಾನು ಎತ್ತಲಿಲ್ಲ. ಮತ್ತೆ ಖಾಲಿ ಗಾಳವನ್ನು ಅವರ ಕಣ್ಣೆದುರು ಹಿಡಿಯುವುದು ನನ್ನಿಂದ ಆಗುತ್ತಿರಲಿಲ್ಲ.

"ಎತ್ತಲೇ ಅಶೋಕಾ! ಬಾಯಾಗ ಐತಿ!"

ಕಣ್ಣು ಮುಚ್ಚಿ ಎತ್ತಿದೆ. ಕೋಲು ಬಾಗಿತು. ನೀರೊಳಗಿಂದ ಯಾರೋ ಕೈ ಹಿಡಿದು ಎಳೆದಂತಾಯಿತು. ಅದು ದೊಡ್ಡ ಮೀನೇನೂ ಅಲ್ಲ, ಗೇಣುದ್ದದ ಗೆಂಡೆ. ಅದನ್ನು ದಂಡೆಗೆ ಎಳೆದು ತಂದೆ. ಕಾಕಾ ಕೂತಲ್ಲೇ ಕೂತು ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡಿದ್ದರು.

"ತಿಳೀತು" ಎಂದರು. ಆಮೇಲೆ ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಿರುಗಿ ನೋಡುವಂತೆ ಕೂಗಿದರು, "ನನಗ ತಿಳೀತಲೇ!"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಹೇಳಲಾರೆ. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಗಿತ್ತು. ಕಾಕಾ ಮೀನನ್ನು ಗಾಳದಿಂದ ಬಿಡಿಸಿ ನೀರಿಗೆ ಬಿಟ್ಟು, ಅದು ಹೋದ ದಿಕ್ಕನ್ನು ನೋಡುತ್ತ, "ಹೋಗಪಾ, ಉಪಕಾರ ಆತು" ಎಂದರು.

ಮನೆಗೆ ಬಂದು ಸುದ್ದಿ ಹೇಳಿದಾಗ ಕಾಕು ಜಳಕದ ಮಾತೇ ಎತ್ತಲಿಲ್ಲ. ಬಾಗಿಲಲ್ಲೇ ಕಾಕಾನ ಕೈ ಹಿಡಿದು, ಅವರ ಕಣ್ಣು ಮುಚ್ಚಿಸಿ, ಒಂದೊಂದೇ ಬೆರಳನ್ನು ಒತ್ತಿ, "ಯಾವುದು? ಇದು ಯಾವುದು?" ಎಂದು ಕೇಳಿದರು. ಹೆಬ್ಬೆರಳು, ತೋರುಬೆರಳು ಎರಡನ್ನು ಕಾಕಾ ಸರಿಯಾಗಿ ಹೇಳಿದರು. ಉಳಿದವು ತಿಳಿಯಲಿಲ್ಲ.

"ಎರಡ ಸಾಕರೀ" ಎಂದು ಕಾಕು ಹೊಸ್ತಿಲ ಮೇಲೆ ಕೂತುಬಿಟ್ಟರು. "ಎರಡ ಸಾಕು."

ಡಾಕ್ಟರರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ನರಗಳು ನಿಧಾನಕ್ಕೆ ಸುಧಾರಿಸುತ್ತವೆ, ವ್ಯಾಯಾಮ ಬಿಡಬೇಡಿ ಎಂದರು. ಕಾಕಾ ಬಿಡಲಿಲ್ಲ. ಯುಗಾದಿಯ ಹೊತ್ತಿಗೆ ಓಣಿಯಲ್ಲಿ ಮತ್ತೆ ಅವರ ದನಿ ಕೇಳುತ್ತಿತ್ತು. ಶೆಡ್ಡಿಗೂ ಹೋಗತೊಡಗಿದರು. ಕೆಲಸಕ್ಕಿಂತ ಬೈಯಲು ಹೆಚ್ಚು.

ಮುಂದೆ ನನಗೆ ಬೀಳಗಿಗೆ ವರ್ಗವಾಯಿತು. ಕಾಕಾ ಹೋದ ಸುದ್ದಿ ಅಲ್ಲಿಗೇ ಫೋನಿನಲ್ಲಿ ಬಂತು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಅಳು ಬಂತು, ಆದರೆ ಅದರ ಜೊತೆಗೇ ಒಂದು ಸಮಾಧಾನವೂ ಇತ್ತು. ಗೋಡೆಯ ಕಡೆ ಹೊರಳಿ ಮಲಗಿದ್ದ ಆ ದಿನಗಳಲ್ಲಿ ಅವರು ಹೋಗಿರಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ. ಯಾರದೋ ಮದುವೆಗೆ ಹೊರಟಿದ್ದರು, ಇಸ್ತ್ರಿ ಮಾಡಿದ ಧೋತರ, ತಲೆಗೆ ಟೋಪಿ. ಮಾತಾಡುತ್ತ ಅವರ ಕಣ್ಣು ನನ್ನ ಅಂಗಿಯ ಮೇಲೆ ನಿಂತಿತು. ಒಂದು ಗುಂಡಿ ದಾರ ಸಡಿಲಾಗಿ ಜೋತಾಡುತ್ತಿತ್ತು. "ಅಲುಗಾಡಬ್ಯಾಡ, ನಿಂದರು" ಎಂದು ಹತ್ತಿರ ಬಂದರು. ಬಲಗೈಯ ಆ ಎರಡು ಬೆರಳಿನಿಂದ ದಾರದ ತುದಿ ಹಿಡಿದು, ಎಡಗೈಯಿಂದ ಸುತ್ತು ಹಾಕಿ ಗಂಟು ಕಟ್ಟಲು ಶುರುಮಾಡಿದರು. ಮೊದಲ ಸಲ ಜಾರಿತು. ಬಸ್ಸಿನವನು ಹಾರ್ನ್ ಹೊಡೆದ. ನಾನು, "ಬಿಡ್ರಿ ಕಾಕಾ, ಬಸ್ ಹೋಗತೈತಿ" ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿಕೊಂಡು ಮತ್ತೆ ಸುತ್ತಿದರು, ಮತ್ತೆ ಎಳೆದರು. ಗಂಟು ಕೂತಿತು. ಗುಂಡಿಯನ್ನು ಜಗ್ಗಿ ನೋಡಿ "ಆತು" ಎಂದರು. ಆಮೇಲೆ ಬಾಗಿಲ ಪಕ್ಕದ ಕಂಬಿಯನ್ನು ಬಲಗೈಯಲ್ಲೇ ಹಿಡಿದು ಬಸ್ಸು ಹತ್ತಿದರು.