ಅಂಗೈಯಲ್ಲಿ ನಿಂತ ಲಿಂಗ

ಶಿವಭಕ್ತರೆಲ್ಲರಿಗೂ ಜಹೀರಾಬಾದಿನ ನಿಮ್ಮ ಅಕ್ಕನ ಶರಣಾರ್ಥಿ. ನಮ್ಮ ಯಜಮಾನರಿಗೆ ಕೈನಡುಕ ಹತ್ತಿತ್ತು. ಪೂಜೆಯಲ್ಲಿ ಇಷ್ಟಲಿಂಗ ಎಲ್ಲಿ ಜಾರೀತೋ ಎಂದು ದಿನಾ ಬೆಳಿಗ್ಗೆ ಅವರ ಅಂಗೈ ಕೆಳಗೆ ನನ್ನ ಅಂಗೈ ಹಿಡಿದು ಕೂರುತ್ತಿದ್ದೆ. ಒಲೆಯ ಮೇಲೆ ಹಾಲುಕ್ಕಿದರೂ ಏಳುವಂತಿಲ್ಲ. ಅವರ ಕೈ ನಿಲ್ಲಿಸಪ್ಪಾ ಎಂದು ಶಿವನಿಗೆ ಹೇಳಿ ಹೇಳಿ ಸಾಕಾಗಿತ್ತು.

ಹೈದರಾಬಾದಿನ ಒಂದು ಖಾಸಗಿ ದವಾಖಾನೆಯವರು, ಮಿದುಳಿನ ಕೋಶಗಳು ಸಾಯುತ್ತಿವೆ, ತಲೆಬುರುಡೆಗೆ ತೂತು ಕೊರೆದು ಸ್ಟೆಮ್ ಸೆಲ್ ಹಾಕುತ್ತೇವೆ, ಅವು ಒಳಗೇ ಬೆಳೆದು ಹೊಸ ನರಕೋಶಗಳಾಗುತ್ತವೆ ಎಂದರು. ಹೊಲದಲ್ಲಿ ಕಬ್ಬು ಹಚ್ಚಿದಷ್ಟು ಸಲೀಸಾಗಿ ಹೇಳಿದರು. ಬೇರೆ ಗುಳಿಗೆ ತಿನ್ನುತ್ತೀರಾ ಎಂದು ಕೇಳಿದಾಗ ಇವರು ಇಲ್ಲವೆಂದರು. ನಾನೂ ಇಲ್ಲವೆಂದೆ.

ಅದಕ್ಕೆಂದು ಹೈದರಾಬಾದಿಗೆ ಹೊರಡುವ ದಿನವೇ ತೆಲಂಗಾಣ ಬಂದ್! ನಿಲ್ದಾಣದಲ್ಲಿ ಒಂದೂ ಬಸ್ಸಿಲ್ಲ. ಪ್ರತ್ಯೇಕ ರಾಜ್ಯ ಬೇಕೆಂಬ ಹೋರಾಟದ ಜನ ಹೆದ್ದಾರಿಯ ಮೇಲೆ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು. ರಾಜ್ಯ ಯಾರಿಗಾದರೂ ಕೊಡು, ನನಗೊಂದು ಬಸ್ಸು ಕೊಡು ಎಂದು ಶಿವನ ಮೇಲೇ ಹರಿಹಾಯ್ದೆ. ಕೊನೆಗೆ ನಮ್ಮ ಅಳಿಯ, ಗಂಟು ಕಟ್ಟಿದ್ದು ಕಟ್ಟಿದ್ದೀರಿ, ಬೀದರಿನ ನರರೋಗದ ಡಾಕ್ಟರಿಗಾದರೂ ತೋರಿಸಿ ಎಂದು ಹಳ್ಳಿಗಳ ಒಳದಾರಿಯಲ್ಲಿ ಆಟೋ ಮಾಡಿ ಕಳಿಸಿದ.

ಡಾಕ್ಟರ ಮುಂದೆ ಕೂತಾಗ ಮಧ್ಯಾಹ್ನ. ಇವರು ಜೇಬಿನಿಂದ ಗುಳಿಗೆ ತೆಗೆದು, ಎದೆಯ ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡರು.

"ಕಾಕಾ, ಅದೇನ್ರಿ?"

"ಪ್ರಸಾದರಿ."

ಎಂದೋ ತಲೆಸುತ್ತು ಬಂದಾಗ ಕೆಲವೇ ದಿನಕ್ಕೆಂದು ಬರೆದುಕೊಟ್ಟ ಗುಳಿಗೆ ಅದು. ಲಿಂಗಕ್ಕೆ ಅರ್ಪಿಸಿದ ಮೇಲೆ ಪ್ರಸಾದ, ಪ್ರಸಾದ ಬಿಡಬಾರದೆಂದು ವರ್ಷಗಟ್ಟಲೆ ನುಂಗಿದ್ದಾರೆ, ಪುಣ್ಯಾತ್ಮ! ಪ್ರಸಾದವನ್ನು ಔಷಧವೆಂದು ಯಾರು ಹೇಳುತ್ತಾರೆ? ನನಗೂ ಹೊಳೆದಿರಲಿಲ್ಲ.

"ಈ ಗುಳಗಿ ಭಾಳ ದಿನ ತಿಂದ್ರ ಹಿಂಗೇ ಕೈ ನಡಗ್ತಾವ. ಮೊದಲ ಇದನ್ನ ಬಿಡಿಸಿ ನೋಡೋಣ," ಎಂದರು ಡಾಕ್ಟರು. "ಮಿದುಳಿನ್ಯಾಗ ಸೆಲ್ ಹಾಕೋದು ಇನ್ನೂ ಪರೀಕ್ಷಾದಾಗೇ ಅದ. ಅವಸರಕ್ಕ ತಲಿ ಕೊಡಬ್ಯಾಡ್ರಿ."

ಪ್ರಸಾದ ಹೇಗೆ ಬಿಡಲಿ ಎಂದು ಇವರು ಮತ್ತೆ ಹಟ ಹಿಡಿದರು. ನನಗೆ ರೇಗಿತು.

"ದಿನಾ ಲಿಂಗಕ್ಕ ತೋರಿಸಿದ್ರಿ, ಅದು ಒಂದಿನಾನೂ ತಿನ್ನು ಅಂದಿಲ್ಲ. ಇವತ್ತ ಬಸ್ ನಿಲ್ಲಿಸಿ, ಇಲ್ಲಿ ತನಕ ಕರಕೊಂಡು ಬಂದು, ಬಿಡು ಅಂತ ಹೇಳ್ಯದ. ಈಗರೆ ಕೇಳ್ರಿ."

ಅಂದಿನಿಂದ ಗುಳಿಗೆ ಬಿಟ್ಟರು.

ನಡುಕ ಕೂಡಲೇ ಹೋಗಲಿಲ್ಲ. ತಿಂಗಳುಗಳು ಹಿಡಿದವು, ನಾನು ಗೊಣಗುವುದೂ ನಿಲ್ಲಲಿಲ್ಲ. ಕೇಳಿದ ಬಸ್ಸು ಕೊಡದೆ ಕಾಪಾಡಿದ ಶಿವನಿಗೆ ಈಗ ಸಾವಿರ ಶರಣು. ಮೊನ್ನೆ ಪೂಜೆಯಲ್ಲಿ ಎಂದಿನಂತೆ ಅವರ ಕೈ ಕೆಳಗೆ ನನ್ನ ಕೈ ಒಡ್ಡಿದೆ.

"ಕೈ ತೆಗಿ," ಎಂದರು. "ಹಾಲು ಉಕ್ಕಲಿಕತ್ತದ, ನೋಡು ಹೋಗು."