ಎಮ್ಮೆ ಆಂಪ್ಲಿಫೈಯರ್ ಮತ್ತು ಅಕ್ಕನ ಬರಿಗಾಲು

ಈ ಸಲದ ಆಯುಧಪೂಜೆಗೆ ಮಂಚದ ಪಕ್ಕದ ಕರಿ ಪೆಟ್ಟಿಗೆಯ ಮೇಲಿದ್ದ ಹಳೇ ಬೆಡ್‌ಶೀಟ್ ತೆಗೆದು ಒರೆಸಿದೆ. ಸ್ಕೂಟರಿಗೆ, ಮಿಕ್ಸಿಗೆ ಕುಂಕುಮ ಇಟ್ಟ ಹೆಂಡತಿ ಇದಕ್ಕೂ ಒಂದು ಬೊಟ್ಟಿಟ್ಟು ಸೇವಂತಿಗೆ ಏರಿಸಿದಳು. ಪೂಜೆಯಾದ ಮೇಲೆ ಯಂತ್ರವನ್ನು ಒಮ್ಮೆ ಚಾಲೂ ಮಾಡಬೇಕಲ್ಲ, ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಕಾದ ದೂಳಿನ ವಾಸನೆ, ಅದರ ಹಿಂದೆಯೇ ಹಳೇ ಪ್ಲೈವುಡ್ಡಿನ ವಾಸನೆ ಬಂತು... ಆ ವಾಸನೆ ಬಂದರೆ ನನಗೆ ನಮ್ಮ ಆರ್ಕೆಸ್ಟ್ರಾದ ಅಕ್ಕ ನೆನಪಾಗುತ್ತಾರೆ.

ಆಗ ನನಗೆ ವಾರವೆಲ್ಲ ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ, ರಜೆ ಸಿಕ್ಕಿದಾಗ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್. ಹಾಡಿನ ತಳದಲ್ಲಿ ಧುಂ ಧುಂ ಎನ್ನುತ್ತಿರುತ್ತದಲ್ಲ, ಅದನ್ನು ನುಡಿಸುವವನು ನಾನು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಎಲ್ಲಿಗೆ ಹೋದರೂ ಗಿಟಾರಿನ ಜೊತೆ ಈ ಆಂಪ್ಲಿಫೈಯರ್ ಹೊರಬೇಕಿತ್ತು. ಇದನ್ನು ಮಾಡಿದ ಕಂಪನಿಯ ಪೆಟ್ಟಿಗೆಗಳಿಗೆ ನಮ್ಮ ವಾದ್ಯದವರು ಇಟ್ಟ ಹೆಸರು ಎಮ್ಮೆ. ಬಣ್ಣ ಕಪ್ಪು, ಎತ್ತಲು ಇಬ್ಬರು ಬೇಕು, ಸ್ವರ ಮೀಟಿದರೆ ಕೊಟ್ಟಿಗೆಯೊಳಗಿಂದ ಕೂಗಿದಂತೆ ಮಬ್ಬಾಗಿ ಬರುತ್ತಿತ್ತು. ಆ ಕಂಪನಿಯನ್ನು ನಾನು ಬೈದಷ್ಟು ನಮ್ಮ ಫೋರ್‌ಮನ್ನನ್ನೂ ಬೈದಿಲ್ಲ. ಬೇರೆ ಕಂಪನಿಯದೊಂದು ಆಗಷ್ಟೇ ಬಂದಿತ್ತು. ಒಂದೇ ಕೈಯಲ್ಲಿ ಎತ್ತಬಹುದು, ನಾದ ಗಾಜಿನಷ್ಟು ಸ್ವಚ್ಛ. ಅದನ್ನೇ ತರಿಸಿ ಎಂದು ನಮ್ಮ ಆರ್ಕೆಸ್ಟ್ರಾ ಯಜಮಾನರ ತಲೆ ತಿನ್ನುತ್ತಿದ್ದೆ.

ಬೇಡ ಎನ್ನುತ್ತಿದ್ದವರು ಅಕ್ಕ ಒಬ್ಬರೇ. ನಮ್ಮಲ್ಲಿ ಹೆಣ್ಣುದನಿಯ ಹಾಡುಗಳೆಲ್ಲ ಅವರವು. ಗಂಡ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದೂ, ಮಗಳು ಓದುತ್ತಿದ್ದದ್ದೂ ಆ ಗಂಟಲಿನಿಂದ. ವೇದಿಕೆ ಹತ್ತುವ ಮೊದಲು ಚಪ್ಪಲಿ ಕೆಳಗೆ ಬಿಟ್ಟು, ನನ್ನ ಎಮ್ಮೆಗೆ ಒತ್ತಿಕೊಂಡೇ ನಿಲ್ಲುವುದು ಅವರ ಪದ್ಧತಿ. ಕಲೆಯ ಮೇಲಿನ ಭಕ್ತಿ ನೋಡಿ ಎಂದು ನಿರೂಪಕ ಮೈಕಿನಲ್ಲಿ ಹೊಗಳುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಭಕ್ತಿಯೆಂದೇ ತಿಳಿದಿದ್ದೆ.

ಕಡಕೊಳದ ಹತ್ತಿರ ಒಂದು ಮದುವೆಗೆ ಹಟ ಹಿಡಿದು ಹೊಸ ಆಂಪ್ಲಿಫೈಯರನ್ನು ಎರವಲು ತಂದೆ. ಮಧ್ಯಾಹ್ನ, ಜನ ಬರುವ ಮೊದಲು ಪರೀಕ್ಷೆಗೆ ಒಂದು ಹಾಡು ಎತ್ತಿಕೊಂಡೆವು. ಎರಡನೇ ಸಾಲಿಗೇ ಅಕ್ಕನ ಶ್ರುತಿ ಜಾರಿತು. ಎಂದೂ ಜಾರದ ಶ್ರುತಿ! ಕೀಬೋರ್ಡಿನವನು ನನ್ನ ಮುಖ ನೋಡಿದ, ನಾನು ಛತ್ರದ ಫ್ಯಾನು ನೋಡಿದೆ. ಅಕ್ಕ ಕಾಫಿಯ ನೆಪ ಮಾಡಿ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದರು.

"ನಿನ್ನ ಎಮ್ಮೆನೇ ತರಿಸ್ಬುಡು ಕಣೋ. ಕೀಬೋರ್ಡು, ಕೊಳಲು ಯಾವ್ದೂ ನಂಗೆ ಸರಿಯಾಗಿ ಕೇಳಲ್ಲ ಈಗ. ಎಮ್ಮೆ ಧುಂ ಅನ್ನೋದು ಮಾತ್ರ ಕಾಲಿಂದ ಹತ್ತಿ ಬತ್ತದೆ. ಅದನ್ನ ಹಿಡ್ಕಂಡೇ ಹಾಡ್ತಾ ಇದೀನಿ. ಯಾರ್ಗೂ ಹೇಳ್ಬ್ಯಾಡ, ಗೊತ್ತಾದ್ರೆ ನನ್ನ ಯಾರು ಕರೀತಾರೆ?"

ಹೊಸದರ ದನಿ ಕಿವಿಗೆ ಚೆನ್ನಾಗಿತ್ತು, ಅದರ ಅದುರು ವೇದಿಕೆಯ ಹಲಗೆಗೆ ಇಳಿಯುತ್ತಿರಲಿಲ್ಲ. ಸಾಮಾನು ತಂದಿದ್ದ ವ್ಯಾನಿನಲ್ಲೇ ವಾಪಸ್ ಹೋಗಿ ಎಮ್ಮೆ ತಂದೆ. ಸಂಜೆ ಅವರ ಎಡಪಾದದ ಹಿಮ್ಮಡಿ ಪೆಟ್ಟಿಗೆಗೆ ತಾಗಿಯೇ ಇದ್ದುದನ್ನು ಮೊದಲ ಸಲ ಕಂಡೆ. ಹಾಡು ಕೂದಲೆಳೆಯಷ್ಟೂ ಅಲುಗಲಿಲ್ಲ.

ಅಲ್ಲಿಂದ ನಾನು ಆ ಕಂಪನಿಯ ವಕೀಲನಾದೆ. ಬೇರೆ ತಂಡದ ಬೇಸಿನವರು "ಏನ್ ಗುರು, ಎಮ್ಮೆ ಹಾಲು ಕೊಡ್ತದಾ?" ಎಂದು ಕಾಲೆಳೆದರೂ, ಇಂಥ ಪೆಟ್ಟಿಗೆ ಇನ್ನೊಂದಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಕಾರಣ ಹೇಳುವಂತಿರಲಿಲ್ಲ. ವೇದಿಕೆಗೆ ಮ್ಯಾಟ್ ಹಾಸಿದ್ದರೆ ಅಕ್ಕ ನಿಲ್ಲುವಷ್ಟು ಜಾಗದಲ್ಲಿ ಮಡಚಿ ಹಾಕುವುದು, ಸಿಮೆಂಟಿನ ವೇದಿಕೆಯಾದರೆ ಒಂದು ಹಲಗೆ ಹುಡುಕಿ ತರುವುದು, ಎಲ್ಲ ನನ್ನ ಕೆಲಸವಾಯಿತು. ಅಕ್ಕ ಅದಕ್ಕೆ ಒಂದು ದಿನವೂ ಥ್ಯಾಂಕ್ಸ್ ಹೇಳಲಿಲ್ಲ, ಮನೆಯಿಂದ ಕೋಡುಬಳೆ ತಂದುಕೊಡುತ್ತಿದ್ದರು.

ಆಮೇಲೆ ಡಿಜೆಗಳು ಬಂದವು. ನಮ್ಮನ್ನು ಕರೆಯುವವರು ಕಡಿಮೆಯಾದರು, ಯಜಮಾನರು ಸಾಮಾನು ಮಾರಿದರು. ಎಮ್ಮೆಯನ್ನು ಯಾರೂ ಕೇಳಲಿಲ್ಲವಾಗಿ ಅದು ನನ್ನ ಮನೆಗೆ ಬಂತು. ಅಕ್ಕನಿಗೆ ಸಕ್ಕರೆ ಕಾಯಿಲೆ ಎಂದು ಯಾರೋ ಹೇಳಿದ್ದರು. ಹೋಗಿ ನೋಡಬೇಕು ಎಂದುಕೊಳ್ಳುತ್ತಿರುವಾಗಲೇ...

ಅವರೇ ಬಂದರು. ಚಾಮುಂಡಿ ಬೆಟ್ಟದಿಂದ ಇಳಿದು ಬರುತ್ತಾ, ಕೈಯಲ್ಲಿ ಪ್ರಸಾದ. ಕಾಲಲ್ಲಿ ಸಕ್ಕರೆಯವರಿಗೆಂದು ಡಾಕ್ಟರು ಬರೆದುಕೊಡುವ ದಪ್ಪ ಮೆತ್ತನೆ ಚಪ್ಪಲಿ. ಮಗಳ ಮದುವೆ ಗೊತ್ತಾಗಿತ್ತು. ಕಿವಿಯ ಮಷಿನ್ನು ಹಾಕಿದರೆ ಮಾತು ಹೇಗೋ ತಿಳಿಯುತ್ತದೆ, ಹಾಡು ಮಾತ್ರ ಕಾಗೆ ಕೂಗಿದಂತಾಗುತ್ತದೆ ಎಂದರು.

"ರಿಸೆಪ್ಷನ್ನಲ್ಲಿ ಒಂದೇ ಒಂದು ಹಾಡು ಹಾಡ್ಬೇಕು ಕಣಪ್ಪ. ಎಮ್ಮೆ ಇದ್ರೆ ಹಾಡ್ತೀನಿ."

ಮಷಿನ್ನು ತೆಗೆದು ಪರ್ಸಿಗೆ ಹಾಕಿಕೊಂಡರು. ಚಪ್ಪಲಿ ಬಿಟ್ಟು, ಪೆಟ್ಟಿಗೆಗೆ ಹಿಮ್ಮಡಿ ತಾಗಿಸಿ, ಕಣ್ಣು ಮುಚ್ಚಿ ನಿಂತರು. ನಾನು ಅವರಿಷ್ಟದ ಹಾಡಿನ ಮೊದಲ ಸ್ವರ ಮೀಟಿದೆ. ಸದ್ದು ಏರಿಸಿದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಗಲಗಲ ಎಂದವು. ಅಕ್ಕ ಹಾಗೇ ನಿಂತಿದ್ದರು.

"ಶುರು ಮಾಡೋ," ಎಂದರು. "ಯಾಕ್ ಸುಮ್ಕೆ ಕೂತ್ಬುಟ್ಟೆ?"

ನನ್ನ ಕೈ ನಿಲ್ಲಲಿಲ್ಲ, ನಿಲ್ಲಿಸಲು ಧೈರ್ಯ ಬರಲಿಲ್ಲ. ಅವರು ಕಣ್ಣು ತೆರೆದು ನನ್ನ ಬೆರಳು ನೋಡಿದರು. ಪಾದ ನೋಡಿಕೊಂಡರು. ಹಿಮ್ಮಡಿಯನ್ನು ಇನ್ನಷ್ಟು ಒತ್ತಿದರು, ಕಾಲು ಬದಲಿಸಿ ಬಲಗಾಲನ್ನೂ ಒತ್ತಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು "ಲೋಟ ಅಲ್ಲಾಡ್ತಾ ಅವಾ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

"ಕಾಲು ಜೋಮಾಗವೆ ಅಂತಿದ್ರು ಡಾಕ್ಟ್ರು. ಇಷ್ಟು ಅಂತ ಗೊತ್ತಿರ್ಲಿಲ್ಲ ಬುಡು," ಎಂದು ಚಪ್ಪಲಿ ಮೆಟ್ಟಿಕೊಂಡರು. ಪ್ರಸಾದವನ್ನು ಮರೆಯದೆ ಹೆಂಡತಿಯ ಕೈಗಿಟ್ಟರು.

ಮದುವೆಗೆ ಡಿಜೆ ಬಂದಿದ್ದ. ಅಕ್ಕ ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತು, ಪಕ್ಕದವರ ಕೈ ನೋಡಿಕೊಂಡು ಚಪ್ಪಾಳೆ ಹಾಕುತ್ತಿದ್ದರು. ತಾಳ ಒಂದು ಚೂರು ಹಿಂದೆ ಬೀಳುತ್ತಿತ್ತು. ನನಗೆ ನೋಡಲಾಗದೆ ಊಟಕ್ಕೆದ್ದೆ.

ಅಕ್ಕ ಹೋಗಿ ಈಗ ಕೆಲವು ವರ್ಷವಾಯಿತು. ಆ ಕಂಪನಿಯೂ ಮುಚ್ಚಿದೆ, ಅದರ ಹೆಸರು ಹೇಳಿದರೆ ಅಂಗಡಿಯವರು ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಈ ಸಲದ ಪೂಜೆಯ ದಿನ, ಕುಂಕುಮ ತಾಗದಂತೆ ಹುಷಾರಾಗಿ ನನ್ನ ಎಡಗಾಲಿನ ಹಿಮ್ಮಡಿಯನ್ನು ಪೆಟ್ಟಿಗೆಗೆ ಒತ್ತಿ, ಆ ಹಾಡಿನ ಮೊದಲ ಸ್ವರ ಮೀಟಿದೆ. ಧುಂ ಎಂದದ್ದು ಮೊಣಕಾಲು ದಾಟಿ ಎದೆಯವರೆಗೆ ಬಂತು. ಮುಂದಿನ ಸ್ವರವನ್ನೂ ಮೀಟಿದೆ, ಅದರ ಮುಂದಿನದನ್ನೂ. ಅಕ್ಕ ಹಾಡು ಎತ್ತಿಕೊಳ್ಳಬೇಕಾದ ಜಾಗ ಬಂತು, ಹೋಯಿತು.

"ಲೋಟ ಬೀಳ್ತವೆ ಕಣ್ರೀ, ನಿಲ್ಸಿ," ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ನಿಲ್ಲಿಸಿದೆ.